ರಕ್ತಸಂಚಾರ ಎಂಆರ್‌ಐ ಮತ್ತು ಮೆದುಳಿನ ಗಡ್ಡೆಗಳ ಶ್ರೇಣಿ ನಿರ್ಣಯ

ರಕ್ತಸಂಚಾರ ಎಂಆರ್‌ಐ ಅಥವಾ ಪರ್ಫ್ಯೂಷನ್ ಎಂಆರ್‌ಐ ಎಂಬುದು ಅಂಗಾಂಶದ ಅತಿ ಸಣ್ಣ ರಕ್ತನಾಳಗಳಲ್ಲಿರುವ ರಕ್ತದ ಪ್ರಮಾಣವನ್ನೂ ಅದು ಹರಿಯುವ ದರವನ್ನೂ ಅಳೆಯುವ ಕಾಂತೀಯ ಅನುರಣನ ಚಿತ್ರಣದ ಒಂದು ವಿಧಾನ. ಮೆದುಳಿನ ಗಡ್ಡೆಗಳ, ಅದರಲ್ಲೂ ಗ್ಲಯೋಮಾ ವರ್ಗದ ಗಡ್ಡೆಗಳ, ಉಗ್ರತೆಯ ಶ್ರೇಣಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಅಂದಾಜು ಮಾಡಲು ಈ ವಿಧಾನವನ್ನು ವ್ಯಾಪಕವಾಗಿ ಬಳಸಲಾಗುತ್ತದೆ. ಬಯಾಪ್ಸಿಗೆ ಸೂಕ್ತವಾದ ಜಾಗವನ್ನು ಗುರುತಿಸಲು, ವಿಕಿರಣ ಚಿಕಿತ್ಸೆಯ ನಂತರ ಕಾಣುವ ಬದಲಾವಣೆ ಗಡ್ಡೆಯ ಮರುಬೆಳವಣಿಗೆಯೇ ಅಥವಾ ಚಿಕಿತ್ಸೆಯ ಪರಿಣಾಮವೇ ಎಂಬುದನ್ನು ತಿಳಿಯಲು ಸಹ ಇದು ನೆರವಾಗುತ್ತದೆ.

ಸಾಮಾನ್ಯ ಎಂಆರ್‌ಐ ಗಡ್ಡೆಯ ಆಕಾರ, ಗಾತ್ರ, ಸ್ಥಾನ ಮತ್ತು ಸುತ್ತಲಿನ ಊತವನ್ನು ತೋರಿಸುತ್ತದೆ. ರಕ್ತಸಂಚಾರ ಎಂಆರ್‌ಐ ಗಡ್ಡೆಯೊಳಗೆ ಹೊಸ ರಕ್ತನಾಳಗಳು ಎಷ್ಟು ದಟ್ಟವಾಗಿ ಬೆಳೆದಿವೆ ಎಂಬುದನ್ನು ಸಂಖ್ಯೆಯ ರೂಪದಲ್ಲಿ ನೀಡುತ್ತದೆ. ಆದರೆ ಇದು ಅಂಗಾಂಶ ಪರೀಕ್ಷೆಗೆ ಪರ್ಯಾಯವಲ್ಲ. ಗಡ್ಡೆಯ ಶ್ರೇಣಿಯನ್ನು ಅಂತಿಮವಾಗಿ ನಿರ್ಧರಿಸುವುದು ಸೂಕ್ಷ್ಮದರ್ಶಕದ ಪರೀಕ್ಷೆ ಮತ್ತು ಆಣ್ವಿಕ ಪರೀಕ್ಷೆಗಳು.

ಶ್ರೇಣಿಯ ಅರ್ಥ

ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ ಕೇಂದ್ರ ನರಮಂಡಲದ ಗಡ್ಡೆಗಳಿಗೆ 1ರಿಂದ 4ರವರೆಗೆ ಶ್ರೇಣಿ ನೀಡಲಾಗುತ್ತದೆ. 1ನೇ ಶ್ರೇಣಿಯ ಗಡ್ಡೆಗಳು ನಿಧಾನವಾಗಿ ಬೆಳೆಯುತ್ತವೆ. ಪೂರ್ತಿಯಾಗಿ ತೆಗೆಯಲು ಸಾಧ್ಯವಾದರೆ ಹಲವು ರೋಗಿಗಳು ಗುಣವಾಗುತ್ತಾರೆ. 4ನೇ ಶ್ರೇಣಿಯವು ಅತ್ಯಂತ ಉಗ್ರವಾದವು. ರೂಢಿಯಲ್ಲಿ 1 ಮತ್ತು 2ನೇ ಶ್ರೇಣಿಯನ್ನು ಕೆಳಶ್ರೇಣಿ ಎಂದೂ 3 ಮತ್ತು 4ನೇ ಶ್ರೇಣಿಯನ್ನು ಮೇಲ್ಶ್ರೇಣಿ ಎಂದೂ ಕರೆಯುತ್ತಾರೆ.

2021ರಲ್ಲಿ ಪ್ರಕಟವಾದ ಐದನೇ ಆವೃತ್ತಿಯು ವಯಸ್ಕರಲ್ಲಿ ಹರಡಿಕೊಂಡು ಬೆಳೆಯುವ ಗ್ಲಯೋಮಾಗಳನ್ನು ಮೂರು ಬಗೆಗಳಾಗಿ ವಿಂಗಡಿಸಿದೆ. ಐಡಿಎಚ್ ಜೀನ್‌ನಲ್ಲಿ ರೂಪಾಂತರವಿರುವ ಆಸ್ಟ್ರೋಸೈಟೋಮಾ 2, 3 ಅಥವಾ 4ನೇ ಶ್ರೇಣಿಯದಾಗಿರಬಹುದು. ಐಡಿಎಚ್ ರೂಪಾಂತರದ ಜೊತೆಗೆ 1ಪಿ ಮತ್ತು 19ಕ್ಯೂ ಎಂಬ ವರ್ಣತಂತು ಭಾಗಗಳು ಒಟ್ಟಿಗೆ ನಷ್ಟವಾಗಿರುವ ಆಲಿಗೋಡೆಂಡ್ರೋಗ್ಲಯೋಮಾ 2 ಅಥವಾ 3ನೇ ಶ್ರೇಣಿಯದು. ಐಡಿಎಚ್ ರೂಪಾಂತರವಿಲ್ಲದ ಗ್ಲಯೋಬ್ಲಾಸ್ಟೋಮಾ ಯಾವಾಗಲೂ 4ನೇ ಶ್ರೇಣಿಯದು.

ಚಿಕಿತ್ಸೆಯ ದಾರಿ ಶ್ರೇಣಿಯನ್ನು ಅವಲಂಬಿಸಿದೆ. ಶಸ್ತ್ರಚಿಕಿತ್ಸೆಯ ನಂತರ ಕೆಲವು ಕೆಳಶ್ರೇಣಿಯ ಗಡ್ಡೆಗಳನ್ನು ನಿಯತ ಎಂಆರ್‌ಐ ಪರೀಕ್ಷೆಯ ಮೂಲಕ ಗಮನಿಸುತ್ತಿರುವುದು ಸಾಕಾಗಬಹುದು. ಗ್ಲಯೋಬ್ಲಾಸ್ಟೋಮಾದಲ್ಲಿ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ವಿಕಿರಣ ಚಿಕಿತ್ಸೆ ಮತ್ತು ಟೆಮೊಜೊಲೊಮೈಡ್ ಔಷಧಿಯನ್ನು ಆರಂಭಿಸಬೇಕಾಗುತ್ತದೆ. ಉಗ್ರ ಗಡ್ಡೆಯನ್ನು ಸೌಮ್ಯವೆಂದು ಭಾವಿಸಿದರೆ ಚಿಕಿತ್ಸೆ ತಡವಾಗುತ್ತದೆ. ಸೌಮ್ಯ ಗಡ್ಡೆಯನ್ನು ಉಗ್ರವೆಂದು ಭಾವಿಸಿದರೆ ರೋಗಿಯು ಅನಗತ್ಯ ಚಿಕಿತ್ಸೆಯ ದುಷ್ಪರಿಣಾಮಗಳಿಗೆ ಒಳಗಾಗುತ್ತಾನೆ.

ರಕ್ತನಾಳಗಳು ಮತ್ತು ಉಗ್ರತೆ

ಗಡ್ಡೆಯ ಜೀವಕೋಶಗಳು ವೇಗವಾಗಿ ಹೆಚ್ಚಿದಂತೆ ಅವುಗಳಿಗೆ ಆಮ್ಲಜನಕದ ಕೊರತೆ ಉಂಟಾಗುತ್ತದೆ. ಆಗ ಅವು ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸಿ ಸುತ್ತಲಿನ ರಕ್ತನಾಳಗಳಿಂದ ಹೊಸ ಕವಲುಗಳು ಚಿಗುರುವಂತೆ ಮಾಡುತ್ತವೆ. ಈ ಕ್ರಿಯೆಗೆ ಆಂಜಿಯೋಜೆನೆಸಿಸ್ ಅಥವಾ ನವನಾಳ ಜನನ ಎಂದು ಹೆಸರು. ಗಡ್ಡೆಗಳ ಬೆಳವಣಿಗೆಯಲ್ಲಿ ಇದರ ಪಾತ್ರ ಕೇಂದ್ರಸ್ಥಾನದಲ್ಲಿದೆ ಎಂಬ ವಾದವನ್ನು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದರು. ಗ್ಲಯೋಮಾಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ರೋಗಶಾಸ್ತ್ರಜ್ಞರು ಗಡ್ಡೆಯನ್ನು 4ನೇ ಶ್ರೇಣಿಗೆ ಸೇರಿಸಲು ನೋಡುವ ಮುಖ್ಯ ಲಕ್ಷಣಗಳಲ್ಲಿ ಸಣ್ಣ ರಕ್ತನಾಳಗಳ ಅತಿಯಾದ ವೃದ್ಧಿಯೂ ಒಂದು.

ಸಾಮಾನ್ಯ ಎಂಆರ್‌ಐಯಲ್ಲಿ ಗ್ಯಾಡೋಲಿನಿಯಂ ಲೋಹವಿರುವ ಕಾಂಟ್ರಾಸ್ಟ್ ದ್ರವವನ್ನು ರಕ್ತನಾಳಕ್ಕೆ ನೀಡಿದಾಗ ಗಡ್ಡೆಯ ಕೆಲವು ಭಾಗಗಳು ಬೆಳ್ಳಗೆ ಹೊಳೆಯುತ್ತವೆ. ಈ ಹೊಳಪು ಸೂಚಿಸುವುದು ರಕ್ತ ಮತ್ತು ಮೆದುಳಿನ ನಡುವಣ ತಡೆಗೋಡೆ ಒಡೆದು ದ್ರವ ಹೊರಗೆ ಸೋರಿದೆ ಎಂಬುದನ್ನು ಮಾತ್ರ. ರಕ್ತನಾಳಗಳ ದಟ್ಟತೆ ಬೇರೆ, ಅವುಗಳ ಸೋರಿಕೆ ಬೇರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಪೈಲೋಸೈಟಿಕ್ ಆಸ್ಟ್ರೋಸೈಟೋಮಾ 1ನೇ ಶ್ರೇಣಿಯದಾದರೂ ಪ್ರಖರವಾಗಿ ಹೊಳೆಯುತ್ತದೆ. ಇದಕ್ಕೆ ವಿರುದ್ಧವಾಗಿ 3ನೇ ಶ್ರೇಣಿಯ ಕೆಲವು ಗ್ಲಯೋಮಾಗಳು ಸ್ವಲ್ಪವೂ ಹೊಳೆಯದೆ ಇರಬಹುದು. ಹೊಳಪೊಂದನ್ನೇ ನಂಬಿ ಶ್ರೇಣಿಯನ್ನು ಹೇಳಲು ಬಾರದಿರುವುದರಿಂದಲೇ ರಕ್ತಸಂಚಾರದ ಅಳತೆ ಬೇಕಾಯಿತು.

ಅಳತೆಯ ಪ್ರಮಾಣಗಳು

ರಕ್ತಸಂಚಾರ ಎಂಆರ್‌ಐಯಿಂದ ಮುಖ್ಯವಾಗಿ ಈ ಪ್ರಮಾಣಗಳು ದೊರೆಯುತ್ತವೆ:

ರಕ್ತ ಗಾತ್ರ (ಸಿಬಿವಿ): ನಿಗದಿತ ತೂಕದ ಮೆದುಳಿನ ಅಂಗಾಂಶದಲ್ಲಿ ಯಾವುದೇ ಕ್ಷಣದಲ್ಲಿ ಇರುವ ರಕ್ತದ ಪ್ರಮಾಣ. ಆರೋಗ್ಯವಂತರ ಬೂದು ದ್ರವ್ಯದಲ್ಲಿ ಇದು 100 ಗ್ರಾಂ ಅಂಗಾಂಶಕ್ಕೆ ಸುಮಾರು 4ರಿಂದ 5 ಮಿ.ಲೀ., ಬಿಳಿ ದ್ರವ್ಯದಲ್ಲಿ ಸುಮಾರು 2 ಮಿ.ಲೀ.

ರಕ್ತ ಹರಿವು (ಸಿಬಿಎಫ್): ಒಂದು ನಿಮಿಷದಲ್ಲಿ ಅಂಗಾಂಶಕ್ಕೆ ತಲುಪುವ ರಕ್ತ. ಬೂದು ದ್ರವ್ಯದಲ್ಲಿ ಇದು 100 ಗ್ರಾಂಗೆ ನಿಮಿಷಕ್ಕೆ 50ರಿಂದ 60 ಮಿ.ಲೀ., ಬಿಳಿ ದ್ರವ್ಯದಲ್ಲಿ 20ರಿಂದ 25 ಮಿ.ಲೀ.

ಸರಾಸರಿ ಸಾಗಣೆ ಕಾಲ (ಎಂಟಿಟಿ): ರಕ್ತವು ಆ ಅಂಗಾಂಶದ ನಾಳಗಳ ಜಾಲವನ್ನು ಹಾದುಹೋಗಲು ತೆಗೆದುಕೊಳ್ಳುವ ಸಮಯ. ರಕ್ತ ಗಾತ್ರವನ್ನು ರಕ್ತ ಹರಿವಿನಿಂದ ಭಾಗಿಸಿದರೆ ಇದು ದೊರೆಯುತ್ತದೆ. ರಕ್ತ ಗಾತ್ರ 4 ಮಿ.ಲೀ., ಹರಿವು ನಿಮಿಷಕ್ಕೆ 60 ಮಿ.ಲೀ. ಇದ್ದರೆ ಸಾಗಣೆ ಕಾಲ 4 ಸೆಕೆಂಡು.

ವರ್ಗಾವಣೆ ಸ್ಥಿರಾಂಕ (ಕೆ-ಟ್ರಾನ್ಸ್): ಕಾಂಟ್ರಾಸ್ಟ್ ದ್ರವವು ರಕ್ತನಾಳದಿಂದ ಹೊರಗಿನ ಅಂಗಾಂಶಕ್ಕೆ ಸೋರುವ ದರ.

ಗಡ್ಡೆಗಳ ಶ್ರೇಣಿ ನಿರ್ಣಯದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಸಾಪೇಕ್ಷ ರಕ್ತ ಗಾತ್ರ, ಅಂದರೆ ಆರ್‌ಸಿಬಿವಿ. ಗಡ್ಡೆಯಲ್ಲಿ ರಕ್ತ ಗಾತ್ರ ಅತಿ ಹೆಚ್ಚಿರುವ ಸ್ಥಳದ ಮೌಲ್ಯವನ್ನು ಮೆದುಳಿನ ಎದುರು ಪಾರ್ಶ್ವದ ಆರೋಗ್ಯಕರ ಬಿಳಿ ದ್ರವ್ಯದ ಮೌಲ್ಯದಿಂದ ಭಾಗಿಸಿ ಇದನ್ನು ಪಡೆಯುತ್ತಾರೆ. ಉದಾಹರಣೆಗೆ ಗಡ್ಡೆಯ ಮೌಲ್ಯ 7, ಎದುರು ಪಾರ್ಶ್ವದ ಮೌಲ್ಯ 2 ಎಂದಾದರೆ ಅನುಪಾತ 3.5. ರೋಗಿಯ ಮೆದುಳನ್ನೇ ಅಳತೆಗೋಲಾಗಿ ಬಳಸುವುದರಿಂದ ಯಂತ್ರದಿಂದ ಯಂತ್ರಕ್ಕೆ ಬರುವ ವ್ಯತ್ಯಾಸ ಒಂದಿಷ್ಟು ಕಡಿಮೆಯಾಗುತ್ತದೆ.

ವಿಧಾನಗಳು

ಡಿಎಸ್‌ಸಿ ವಿಧಾನ

ಮೆದುಳಿನ ಗಡ್ಡೆಗಳಿಗೆ ಹೆಚ್ಚು ಪ್ರಚಲಿತವಾಗಿರುವ ವಿಧಾನ ಇದು. ತೋಳಿನ ಅಭಿಧಮನಿಯ ಮೂಲಕ ದೇಹತೂಕದ ಪ್ರತಿ ಕಿಲೋಗ್ರಾಂಗೆ 0.1 ಮಿಲಿಮೋಲ್‌ನಂತೆ ಗ್ಯಾಡೋಲಿನಿಯಂ ದ್ರವವನ್ನು ಯಂತ್ರಚಾಲಿತ ಸಿರಿಂಜಿನಿಂದ ಸೆಕೆಂಡಿಗೆ 3ರಿಂದ 5 ಮಿ.ಲೀ. ವೇಗದಲ್ಲಿ ನೀಡಿ, ಹಿಂದೆಯೇ ಲವಣಜಲವನ್ನು ಹರಿಸಲಾಗುತ್ತದೆ. ಅದೇ ಸಮಯದಲ್ಲಿ ಸುಮಾರು ಒಂದೂವರೆ ಸೆಕೆಂಡಿಗೆ ಒಮ್ಮೆಯಂತೆ ಇಡೀ ಮೆದುಳಿನ ಟಿ2-ಸ್ಟಾರ್ ಚಿತ್ರಗಳನ್ನು ಒಂದೂವರೆಯಿಂದ ಎರಡು ನಿಮಿಷಗಳ ಕಾಲ ತೆಗೆಯುತ್ತಾ ಹೋಗುತ್ತಾರೆ.

ದ್ರವವು ಲೋಮನಾಳಗಳನ್ನು ಹಾದುಹೋಗುವಾಗ ಅದರ ಕಾಂತೀಯ ಗುಣದಿಂದಾಗಿ ಚಿತ್ರದ ಸಂಕೇತ ಕ್ಷಣಕಾಲ ಕುಸಿದು ಮತ್ತೆ ಮೇಲೇಳುತ್ತದೆ. ನಾಳಗಳು ದಟ್ಟವಾಗಿದ್ದಷ್ಟೂ ಕುಸಿತ ಆಳವಾಗಿರುತ್ತದೆ. ಈ ಕುಸಿತವನ್ನು ದ್ರವದ ಸಾಂದ್ರತೆಯಾಗಿ ಪರಿವರ್ತಿಸಿದಾಗ ದೊರೆಯುವ ವಕ್ರರೇಖೆಯ ಕೆಳಗಿನ ವಿಸ್ತೀರ್ಣವೇ ರಕ್ತ ಗಾತ್ರಕ್ಕೆ ಅನುಪಾತದಲ್ಲಿರುತ್ತದೆ. ತಂತ್ರಾಂಶವು ಇದನ್ನು ಬಣ್ಣದ ನಕ್ಷೆಯಾಗಿ ತೋರಿಸುತ್ತದೆ. ಸಾಮಾನ್ಯವಾಗಿ ಕೆಂಪು ಹೆಚ್ಚು ರಕ್ತವನ್ನೂ ನೀಲಿ ಕಡಿಮೆ ರಕ್ತವನ್ನೂ ಸೂಚಿಸುತ್ತದೆ.

ಈ ಲೆಕ್ಕಾಚಾರಕ್ಕೆ ಒಂದು ಪೂರ್ವಕಲ್ಪನೆ ಇದೆ: ದ್ರವ ನಾಳದೊಳಗೇ ಉಳಿಯಬೇಕು. ಉಗ್ರ ಗಡ್ಡೆಗಳಲ್ಲಿ ಅದು ಹೊರಗೆ ಸೋರುತ್ತದೆ. ಅದರಿಂದ ರಕ್ತ ಗಾತ್ರ ವಾಸ್ತವಕ್ಕಿಂತ ಕಡಿಮೆಯಾಗಿಯೋ ಹೆಚ್ಚಾಗಿಯೋ ಕಾಣಬಹುದು. ಇದನ್ನು ಸರಿಪಡಿಸಲು ಪರೀಕ್ಷೆಗೆ ಕೆಲವು ನಿಮಿಷ ಮೊದಲೇ ಒಂದು ಪೂರ್ವಮಾತ್ರೆಯಷ್ಟು ದ್ರವ ನೀಡುವುದು ಮತ್ತು ಗಣಿತದ ಮೂಲಕ ಸೋರಿಕೆಯನ್ನು ಕಳೆಯುವುದು ರೂಢಿಯಲ್ಲಿದೆ. 2020ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ಶಿಫಾರಸು 60 ಡಿಗ್ರಿ ತಿರುವು ಕೋನದ ಜೊತೆ ಪೂರ್ವಮಾತ್ರೆಯನ್ನು ಬಳಸುವ ಕ್ರಮವನ್ನು ಎತ್ತಿಹಿಡಿಯಿತು. ಪೂರ್ವಮಾತ್ರೆಯಿಲ್ಲದೆ 30 ಡಿಗ್ರಿ ಕೋನದಲ್ಲಿ ಒಂದೇ ಮಾತ್ರೆ ನೀಡುವ ಕ್ರಮಕ್ಕೂ ಅದು ಒಪ್ಪಿಗೆ ಸೂಚಿಸಿತು.

ಡಿಸಿಇ ವಿಧಾನ

ಇದರಲ್ಲಿ ಟಿ1 ಚಿತ್ರಗಳನ್ನು ಕೆಲವು ನಿಮಿಷಗಳ ಕಾಲ ಸತತವಾಗಿ ತೆಗೆದು, ದ್ರವ ಅಂಗಾಂಶಕ್ಕೆ ಸೋರುವ ಬಗೆಯನ್ನು ಟಾಫ್ಟ್ಸ್ ಮಾದರಿಯಂತಹ ಗಣಿತ ಮಾದರಿಗಳ ಮೂಲಕ ವಿಶ್ಲೇಷಿಸುತ್ತಾರೆ. ಮೇಲ್ಶ್ರೇಣಿಯ ಗ್ಲಯೋಮಾಗಳಲ್ಲಿ ಕೆ-ಟ್ರಾನ್ಸ್ ಸಾಮಾನ್ಯವಾಗಿ ಹೆಚ್ಚು. ತಲೆಬುರುಡೆಯ ತಳದ ಸಮೀಪ ಅಥವಾ ರಕ್ತಸ್ರಾವವಾಗಿರುವ ಜಾಗಗಳಲ್ಲಿ ಡಿಎಸ್‌ಸಿ ಚಿತ್ರಗಳು ವಿರೂಪಗೊಳ್ಳುವುದರಿಂದ ಅಲ್ಲಿ ಈ ವಿಧಾನ ಹೆಚ್ಚು ಉಪಯುಕ್ತ.

ಎಎಸ್‌ಎಲ್ ವಿಧಾನ

ಇದಕ್ಕೆ ಕಾಂಟ್ರಾಸ್ಟ್ ದ್ರವವೇ ಬೇಡ. ಕುತ್ತಿಗೆಯ ಅಪಧಮನಿಗಳಲ್ಲಿ ಮೇಲೇರುತ್ತಿರುವ ರಕ್ತದ ನೀರಿನ ಅಣುಗಳನ್ನು ರೇಡಿಯೋ ತರಂಗಗಳಿಂದ ಗುರುತುಮಾಡಿ, ಆ ರಕ್ತ ಮೆದುಳನ್ನು ತಲುಪಿದ ನಂತರ ಚಿತ್ರ ತೆಗೆಯಲಾಗುತ್ತದೆ. ಗುರುತುಮಾಡದ ಚಿತ್ರದಿಂದ ಇದನ್ನು ಕಳೆದರೆ ರಕ್ತ ಹರಿವಿನ ನಕ್ಷೆ ಸಿಗುತ್ತದೆ. ಮಕ್ಕಳು, ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆ ಇರುವವರು ಮತ್ತು ಪದೇ ಪದೇ ಪರೀಕ್ಷೆಗೆ ಬರಬೇಕಾದವರಿಗೆ ಇದು ಅನುಕೂಲ. ಸಂಕೇತದ ಪ್ರಬಲತೆ ಕಡಿಮೆ ಎಂಬುದು ಇದರ ದೌರ್ಬಲ್ಯ. 3 ಟೆಸ್ಲಾ ಯಂತ್ರಗಳಲ್ಲಿ ಫಲಿತಾಂಶ 1.5 ಟೆಸ್ಲಾ ಯಂತ್ರಗಳಿಗಿಂತ ಉತ್ತಮವಾಗಿರುತ್ತದೆ.

ಇತಿಹಾಸ

ಗ್ಯಾಡೋಲಿನಿಯಂ ದ್ರವ ಮೆದುಳನ್ನು ಹಾದುಹೋಗುವಾಗ ಉಂಟಾಗುವ ಸಂಕೇತದ ಕುಸಿತವನ್ನು 1980ರ ದಶಕದ ಕೊನೆಯಲ್ಲಿ ಅರ್ನೋ ವಿಲ್‌ರಿಂಗರ್, ಬ್ರೂಸ್ ರೋಸೆನ್ ಮತ್ತು ಸಹೋದ್ಯೋಗಿಗಳು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ವಿವರಿಸಿದರು. 1992ರಲ್ಲಿ ಜಾನ್ ಡೆಟ್ರೆ ಮತ್ತು ಸಂಗಡಿಗರು ಕಾಂಟ್ರಾಸ್ಟ್ ದ್ರವವಿಲ್ಲದ ಎಎಸ್‌ಎಲ್ ವಿಧಾನವನ್ನು ಪ್ರಕಟಿಸಿದರು. 1994ರಲ್ಲಿ ಹನ್ನು ಆರೊನೆನ್ ಮತ್ತು ಸಂಗಡಿಗರು ಗ್ಲಯೋಮಾ ರೋಗಿಗಳ ರಕ್ತ ಗಾತ್ರದ ನಕ್ಷೆಗಳನ್ನು ಗಡ್ಡೆಯ ಶ್ರೇಣಿ ಮತ್ತು ಅಂಗಾಂಶ ಲಕ್ಷಣಗಳೊಂದಿಗೆ ಹೋಲಿಸಿದರು. ಇದು ಈ ಕ್ಷೇತ್ರದ ಆರಂಭಿಕ ಅಧ್ಯಯನಗಳಲ್ಲಿ ಒಂದು.

2003ರಲ್ಲಿ ಮೆಂಗ್ ಲಾ ಮತ್ತು ಸಂಗಡಿಗರು 160 ಗ್ಲಯೋಮಾ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಅದರಲ್ಲಿ ಸೂಚಿಸಲಾದ 1.75 ಎಂಬ ಆರ್‌ಸಿಬಿವಿ ಮಿತಿ ಇಂದಿಗೂ ಹೆಚ್ಚು ಉಲ್ಲೇಖಿತವಾಗುವ ಸಂಖ್ಯೆಯಾಗಿದೆ. 2008ರಲ್ಲಿ ಇದೇ ಗುಂಪು, ಈ ಅನುಪಾತ 1.75ಕ್ಕಿಂತ ಹೆಚ್ಚಿರುವ ಗಡ್ಡೆಗಳು ಸೂಕ್ಷ್ಮದರ್ಶಕದ ಶ್ರೇಣಿ ಏನೇ ಇದ್ದರೂ ಬೇಗನೆ ಉಲ್ಬಣಿಸುತ್ತವೆ ಎಂದು ವರದಿ ಮಾಡಿತು.

ಶ್ರೇಣಿ ನಿರ್ಣಯದಲ್ಲಿ ಬಳಕೆ

ಮಿತಿ ಮೌಲ್ಯದ ಅರ್ಥ

2003ರ ಅಧ್ಯಯನದಲ್ಲಿದ್ದ 160 ಗಡ್ಡೆಗಳಲ್ಲಿ 120 ಮೇಲ್ಶ್ರೇಣಿಯವು, 40 ಕೆಳಶ್ರೇಣಿಯವು. ಸಾಮಾನ್ಯ ಎಂಆರ್‌ಐ ಮೇಲ್ಶ್ರೇಣಿಯ ಗಡ್ಡೆಗಳಲ್ಲಿ ಶೇ 72.5ರಷ್ಟನ್ನು ಸರಿಯಾಗಿ ಗುರುತಿಸಿತು. 33 ಉಗ್ರ ಗಡ್ಡೆಗಳು ಅದರ ಕಣ್ಣಿಗೆ ಬೀಳಲಿಲ್ಲ. ಆರ್‌ಸಿಬಿವಿ 1.75ರ ಮಿತಿಯನ್ನು ಬಳಸಿದಾಗ ಈ ಪ್ರಮಾಣ ಶೇ 95ಕ್ಕೆ ಏರಿತು, ತಪ್ಪಿಹೋದವು ಕೇವಲ 6.

ಆದರೆ ಇದಕ್ಕೆ ಬೆಲೆ ತೆರಬೇಕಾಯಿತು. ಅದೇ ಮಿತಿಯಲ್ಲಿ 40 ಕೆಳಶ್ರೇಣಿಯ ಗಡ್ಡೆಗಳ ಪೈಕಿ 17 ತಪ್ಪಾಗಿ ಮೇಲ್ಶ್ರೇಣಿ ಎನಿಸಿಕೊಂಡವು. ನಿರ್ದಿಷ್ಟತೆ ಶೇ 57.5 ಮಾತ್ರ. ಹೀಗಾಗಿ ಕಡಿಮೆ ಅನುಪಾತ ಬಂದಾಗ ಉಗ್ರ ಗಡ್ಡೆಯ ಸಾಧ್ಯತೆ ಗಣನೀಯವಾಗಿ ತಗ್ಗುತ್ತದೆಯೇ ಹೊರತು, ಹೆಚ್ಚಿನ ಅನುಪಾತ ಬಂದ ಮಾತ್ರಕ್ಕೆ ಗಡ್ಡೆ ಉಗ್ರವೆಂದು ಸಾಬೀತಾಗುವುದಿಲ್ಲ. ಮಿತಿಯನ್ನು ಮೇಲಕ್ಕೆ ಒಯ್ದರೆ ತಪ್ಪು ಎಚ್ಚರಿಕೆಗಳು ಕಡಿಮೆಯಾಗಿ, ತಪ್ಪಿಹೋಗುವ ಉಗ್ರ ಗಡ್ಡೆಗಳು ಹೆಚ್ಚುತ್ತವೆ. ಆದ್ದರಿಂದ ವಿಕಿರಣಶಾಸ್ತ್ರಜ್ಞರು ಈ ಸಂಖ್ಯೆಯನ್ನು ಗಡ್ಡೆಯ ಆಕಾರ, ಡಿಫ್ಯೂಷನ್ ಚಿತ್ರಣ, ಎಂಆರ್ ಸ್ಪೆಕ್ಟ್ರೋಸ್ಕೋಪಿ ಹಾಗೂ ರೋಗಿಯ ವಯಸ್ಸಿನೊಂದಿಗೆ ಸೇರಿಸಿಯೇ ಓದುತ್ತಾರೆ.

ಬಯಾಪ್ಸಿಯ ಜಾಗ

ಒಂದೇ ಗಡ್ಡೆಯ ಒಂದು ಭಾಗ 2ನೇ ಶ್ರೇಣಿಯದಾಗಿ, ಇನ್ನೊಂದು ಭಾಗ 3 ಅಥವಾ 4ನೇ ಶ್ರೇಣಿಯದಾಗಿರಬಹುದು. ಸೂಜಿಯಿಂದ ತೆಗೆಯುವ ಚೂರು ಬಹಳ ಚಿಕ್ಕದು. ಅದು ಸೌಮ್ಯ ಭಾಗದಿಂದ ಬಂದರೆ ವರದಿಯೂ ಸೌಮ್ಯವಾಗಿಯೇ ಬರುತ್ತದೆ. ರಕ್ತ ಗಾತ್ರ ಅತಿ ಹೆಚ್ಚಿರುವ ಜಾಗವನ್ನು ಗುರಿಯಾಗಿಸಿದರೆ ಈ ತಪ್ಪಿನ ಸಂಭವ ಕಡಿಮೆಯಾಗುತ್ತದೆ. ಹೊಳಪೇ ಇಲ್ಲದ ಗಡ್ಡೆಗಳಲ್ಲಿ ಈ ಉಪಯೋಗ ವಿಶೇಷವಾದುದು.

ಗಡ್ಡೆಯ ಬಗೆ

ಗ್ಲಯೋಬ್ಲಾಸ್ಟೋಮಾ ಸುತ್ತಲಿನ ಮೆದುಳಿಗೆ ನುಸುಳುವುದರಿಂದ ಅದರ ಹೊಳಪಿನ ಅಂಚಿನಾಚೆಗೂ ರಕ್ತ ಗಾತ್ರ ಹೆಚ್ಚಿರುತ್ತದೆ. ದೇಹದ ಬೇರೆ ಅಂಗದಿಂದ ಮೆದುಳಿಗೆ ಹರಡಿದ ಕ್ಯಾನ್ಸರಿನ ಸುತ್ತ ಇರುವುದು ಬರಿಯ ಊತವಾದ್ದರಿಂದ ಅಲ್ಲಿ ಅದು ಹೆಚ್ಚಿರುವುದಿಲ್ಲ. ಮೆದುಳಿನ ಲಿಂಫೋಮಾ ಪ್ರಖರವಾಗಿ ಹೊಳೆದರೂ ಅದರ ರಕ್ತ ಗಾತ್ರ ಗ್ಲಯೋಬ್ಲಾಸ್ಟೋಮಾದಷ್ಟು ಏರುವುದಿಲ್ಲ.

ಭಾರತದಲ್ಲಿ ಕ್ಷಯರೋಗದಿಂದಾಗುವ ಟ್ಯೂಬರ್ಕುಲೋಮಾ ಮತ್ತು ಲಾಡಿಹುಳುವಿನ ಮರಿಯಿಂದಾಗುವ ನ್ಯೂರೋಸಿಸ್ಟಿಸರ್ಕೋಸಿಸ್ ಸಾಮಾನ್ಯ. ಇವೂ ಎಂಆರ್‌ಐಯಲ್ಲಿ ಉಂಗುರದಂತೆ ಹೊಳೆದು ಗಡ್ಡೆಯನ್ನು ಹೋಲಬಹುದು. ರಕ್ತ ಗಾತ್ರ ಕಡಿಮೆ ಇದ್ದರೆ ಸೋಂಕಿನ ಕಡೆಗೆ ಒಲವು ತೋರಬಹುದಾದರೂ, ಟ್ಯೂಬರ್ಕುಲೋಮಾದ ಗೋಡೆಯಲ್ಲಿಯೂ ಹೊಸ ರಕ್ತನಾಳಗಳು ಬೆಳೆಯುವುದರಿಂದ ಈ ಒಂದು ಅಳತೆಯಿಂದಲೇ ನಿರ್ಧರಿಸುವಂತಿಲ್ಲ.

ಚಿಕಿತ್ಸೆಯ ನಂತರ

ವಿಕಿರಣ ಮತ್ತು ಟೆಮೊಜೊಲೊಮೈಡ್ ಚಿಕಿತ್ಸೆ ಮುಗಿದ ಮೊದಲ ಮೂರು ತಿಂಗಳಲ್ಲಿ ಗಡ್ಡೆ ದೊಡ್ಡದಾದಂತೆ ಕಂಡು, ಚಿಕಿತ್ಸೆ ಬದಲಿಸದೆಯೇ ತಾನಾಗಿ ಕುಗ್ಗುವುದುಂಟು. ಇದಕ್ಕೆ ಹುಸಿ ಉಲ್ಬಣ ಎನ್ನುತ್ತಾರೆ. ತಿಂಗಳುಗಳು ಅಥವಾ ವರ್ಷಗಳ ನಂತರ ವಿಕಿರಣದಿಂದ ಅಂಗಾಂಶ ಸಾಯುವುದೂ ಗಡ್ಡೆಯಂತೆಯೇ ಕಾಣುತ್ತದೆ. ಮರಳಿ ಬೆಳೆದ ಗಡ್ಡೆಯಲ್ಲಿ ರಕ್ತ ಗಾತ್ರ ಹೆಚ್ಚಿದ್ದರೆ, ಈ ಎರಡು ಸ್ಥಿತಿಗಳಲ್ಲಿ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಪರಿಣಾಮಕಾರಿಯಾದ ಚಿಕಿತ್ಸೆಯನ್ನು ನಿಲ್ಲಿಸಬೇಕೇ, ಎರಡನೆಯ ಬಾರಿ ತಲೆ ತೆರೆಯಬೇಕೇ ಎಂಬ ತೀರ್ಮಾನಗಳು ಈ ವ್ಯತ್ಯಾಸವನ್ನು ಆಧರಿಸಿರುತ್ತವೆ.

ಮಿತಿಗಳು

ರಕ್ತ ಗಾತ್ರ ಮತ್ತು ಶ್ರೇಣಿಯ ಸಂಬಂಧಕ್ಕೆ ಮುಖ್ಯ ಅಪವಾದ ಆಲಿಗೋಡೆಂಡ್ರೋಗ್ಲಯೋಮಾ. ಇದರಲ್ಲಿ ಸಣ್ಣ ಲೋಮನಾಳಗಳು ಸಹಜವಾಗಿಯೇ ಜಾಲರಿಯಂತೆ ದಟ್ಟವಾಗಿರುವುದರಿಂದ 2ನೇ ಶ್ರೇಣಿಯ ಗಡ್ಡೆಯೂ ಹೆಚ್ಚಿನ ಮೌಲ್ಯ ತೋರಿಸಬಹುದು. ಮೆನಿಂಜಿಯೋಮಾಗಳು ಬಹುತೇಕ 1ನೇ ಶ್ರೇಣಿಯವಾದರೂ ಅವುಗಳ ರಕ್ತ ಗಾತ್ರ ಬಹಳ ಹೆಚ್ಚು. ಆದ್ದರಿಂದ ಗ್ಲಯೋಮಾದ ಮಿತಿ ಮೌಲ್ಯ ಅವಕ್ಕೆ ಅನ್ವಯಿಸುವುದಿಲ್ಲ.

2021ರ ವರ್ಗೀಕರಣ ಇನ್ನೊಂದು ತೊಡಕನ್ನು ತಂದಿದೆ. ಸೂಕ್ಷ್ಮದರ್ಶಕದಲ್ಲಿ ಸೌಮ್ಯವಾಗಿ ಕಂಡರೂ ಟರ್ಟ್ ಪ್ರಚೋದಕದ ರೂಪಾಂತರ, ಇಜಿಎಫ್ಆರ್ ಜೀನ್‌ನ ವರ್ಧನೆ, ಅಥವಾ 7ನೇ ವರ್ಣತಂತುವಿನ ಹೆಚ್ಚಳದೊಂದಿಗೆ 10ನೆಯದರ ನಷ್ಟ ಇದ್ದಲ್ಲಿ, ಐಡಿಎಚ್ ರೂಪಾಂತರವಿಲ್ಲದ ಆಸ್ಟ್ರೋಸೈಟೋಮಾವನ್ನು ಗ್ಲಯೋಬ್ಲಾಸ್ಟೋಮಾ ಎಂದೇ ಪರಿಗಣಿಸಲಾಗುತ್ತದೆ. ಇಂತಹ ಗಡ್ಡೆಗಳಲ್ಲಿ ಹೊಸ ರಕ್ತನಾಳಗಳು ಇನ್ನೂ ಬೆಳೆದಿರದಿದ್ದರೆ ರಕ್ತ ಗಾತ್ರ ಕಡಿಮೆಯೇ ಇರಬಹುದು. 1.75ರಂತಹ ಹಳೆಯ ಮಿತಿಗಳು ಆಣ್ವಿಕ ಪರೀಕ್ಷೆಗಳು ರೂಢಿಗೆ ಬರುವ ಮೊದಲಿನ ವರ್ಗೀಕರಣವನ್ನು ಆಧರಿಸಿದವು.

ತಾಂತ್ರಿಕ ಕಾರಣಗಳೂ ಫಲಿತಾಂಶವನ್ನು ಬದಲಿಸುತ್ತವೆ. ಗಡ್ಡೆಯೊಳಗಿನ ರಕ್ತಸ್ರಾವ, ಸುಣ್ಣದ ಶೇಖರಣೆ, ಶಸ್ತ್ರಚಿಕಿತ್ಸೆಯ ಲೋಹದ ಭಾಗಗಳು ಮತ್ತು ರೋಗಿಯ ತಲೆಯ ಚಲನೆ ಡಿಎಸ್‌ಸಿ ಚಿತ್ರವನ್ನು ಕೆಡಿಸುತ್ತವೆ. ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡ್‌ಗಳು ಮತ್ತು ವಿಇಜಿಎಫ್ ತಡೆಯುವ ಬೆವಾಸಿಜುಮಾಬ್ ಔಷಧಿ ನಾಳಗಳ ಸೋರಿಕೆಯನ್ನು ಕಡಿಮೆ ಮಾಡುವುದರಿಂದ, ವರದಿ ಓದುವವರಿಗೆ ರೋಗಿ ಪಡೆಯುತ್ತಿರುವ ಔಷಧಿಗಳ ವಿವರ ತಿಳಿದಿರಬೇಕು. ಬೇರೆ ಬೇರೆ ಕೇಂದ್ರಗಳ ತಂತ್ರಾಂಶ ಮತ್ತು ಸೋರಿಕೆ ತಿದ್ದುಪಡಿ ಬೇರೆ ಬೇರೆಯಾಗಿರುವುದರಿಂದ ಒಂದು ಆಸ್ಪತ್ರೆಯ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯೊಂದಿಗೆ ನೇರವಾಗಿ ಹೋಲಿಸುವುದು ಸರಿಯಲ್ಲ.

ಸುರಕ್ಷತೆ

ಎಂಆರ್‌ಐಯಲ್ಲಿ ಕ್ಷ-ಕಿರಣದ ಬಳಕೆಯಿಲ್ಲ. ಗ್ಯಾಡೋಲಿನಿಯಂ ದ್ರವ ಬಹುತೇಕರಿಗೆ ಸುರಕ್ಷಿತವಾಗಿದ್ದು, ಅಲರ್ಜಿ ಅಪರೂಪ. ಮೂತ್ರಪಿಂಡಗಳು ತೀವ್ರವಾಗಿ ದುರ್ಬಲವಾಗಿರುವವರಲ್ಲಿ ಚರ್ಮ ಮತ್ತು ಅಂಗಗಳು ಗಡುಸಾಗುವ ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್ ಎಂಬ ಕಾಯಿಲೆಗೂ ಈ ದ್ರವಕ್ಕೂ ಸಂಬಂಧವಿದೆ ಎಂಬುದು 2006ರಲ್ಲಿ ಬೆಳಕಿಗೆ ಬಂದಿತು. ಆದ್ದರಿಂದ ಮೂತ್ರಪಿಂಡದ ತೊಂದರೆ ಇರುವವರಲ್ಲಿ ಪರೀಕ್ಷೆಗೆ ಮೊದಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹದ ಸಾಧನ ಇರುವವರು ಅದನ್ನು ಮೊದಲೇ ತಿಳಿಸಬೇಕು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಮೆದುಳಿನ ಗಡ್ಡೆಗಳ ಚಿಕಿತ್ಸೆಯ ಪ್ರಮುಖ ಸಾರ್ವಜನಿಕ ಕೇಂದ್ರ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್. 1974ರಲ್ಲಿ ರೂಪುಗೊಂಡ ಈ ಸಂಸ್ಥೆಯಲ್ಲಿ ನರಶಸ್ತ್ರಚಿಕಿತ್ಸೆ, ನರ ವಿಕಿರಣಶಾಸ್ತ್ರ ಮತ್ತು ನರ ರೋಗಶಾಸ್ತ್ರ ವಿಭಾಗಗಳು ಒಂದೇ ಆವರಣದಲ್ಲಿವೆ. ಚಿತ್ರದಲ್ಲಿ ಕಂಡುದನ್ನು ಅಂಗಾಂಶ ಪರೀಕ್ಷೆಯ ಫಲಿತಾಂಶದೊಂದಿಗೆ ತಾಳೆ ನೋಡಲು ಇಂತಹ ವ್ಯವಸ್ಥೆ ಅನುಕೂಲಕರ. ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ ವಿಕಿರಣ ಚಿಕಿತ್ಸೆ ಮತ್ತು ಔಷಧ ಚಿಕಿತ್ಸೆ ದೊರೆಯುತ್ತದೆ.

ಕೋಲಾರ ಜಿಲ್ಲೆಯಲ್ಲಿ ಕೋಲಾರ ನಗರದ ಹೊರವಲಯದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾಯಿತು. ಅದಕ್ಕೆ ಹೊಂದಿಕೊಂಡ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಿ ಎಂಆರ್‌ಐ ಸೌಲಭ್ಯ ಮತ್ತು ವಿಕಿರಣಶಾಸ್ತ್ರದ ಸ್ನಾತಕೋತ್ತರ ಶಿಕ್ಷಣ ಇವೆ. ಹೋಳೂರು ಹೋಬಳಿಯ ಹಳ್ಳಿಗಳಿಗೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಿಗೂ ಜಿಲ್ಲಾ ಕೇಂದ್ರವಾದ ಕೋಲಾರದಿಂದ ಬೆಂಗಳೂರು ಸುಮಾರು 70 ಕಿ.ಮೀ. ದೂರದಲ್ಲಿದೆ.

ಜಿಲ್ಲಾ ಮಟ್ಟದಲ್ಲಿ ಈ ಪರೀಕ್ಷೆಯ ಮಹತ್ವ ಎರಡು ಬಗೆಯದು. ಡಿಎಸ್‌ಸಿ ವಿಧಾನಕ್ಕೆ 1.5 ಟೆಸ್ಲಾ ಯಂತ್ರವೇ ಸಾಕು. ಸಾಮಾನ್ಯ ಎಂಆರ್‌ಐ ಪರೀಕ್ಷೆಗೆ ಹೆಚ್ಚುವರಿಯಾಗಿ ಬೇಕಾಗುವುದು ಕೆಲವೇ ನಿಮಿಷ, ಯಂತ್ರಚಾಲಿತ ಸಿರಿಂಜು ಮತ್ತು ವಿಶ್ಲೇಷಣೆಯ ತಂತ್ರಾಂಶ. ಮೊದಲ ಬಾರಿ ಮೂರ್ಛೆ ಬಂದು ಅಥವಾ ಬಿಡದ ತಲೆನೋವಿನಿಂದ ಪರೀಕ್ಷೆಗೆ ಒಳಗಾದ ರೋಗಿಯ ಚಿತ್ರದಲ್ಲಿ ರಕ್ತ ಗಾತ್ರ ಹೆಚ್ಚಿರುವುದು ಕಂಡರೆ, ನರಶಸ್ತ್ರಚಿಕಿತ್ಸಕರಿರುವ ಕೇಂದ್ರಕ್ಕೆ ತಡಮಾಡದೆ ಕಳುಹಿಸಲು ಅದು ಬಲವಾದ ಕಾರಣವಾಗುತ್ತದೆ. ಕಡಿಮೆ ಇರುವುದು ಕಂಡರೂ ತಜ್ಞರ ಸಲಹೆ ಮತ್ತು ಮುಂದಿನ ಪರೀಕ್ಷೆ ತಪ್ಪಿಸುವಂತಿಲ್ಲ. ರೋಗಿಯು ಹಳೆಯ ಪರೀಕ್ಷೆಗಳ ಮುದ್ರಿತ ಫಿಲ್ಮ್ ಮಾತ್ರವಲ್ಲದೆ ಪೂರ್ಣ ಚಿತ್ರಗಳಿರುವ ಸಿ.ಡಿ.ಯನ್ನೂ ಜೊತೆಯಲ್ಲಿ ಒಯ್ದರೆ, ಎರಡನೆಯ ಆಸ್ಪತ್ರೆಯಲ್ಲಿ ಅದೇ ದತ್ತಾಂಶವನ್ನು ಮತ್ತೆ ವಿಶ್ಲೇಷಿಸಲು ಸಾಧ್ಯವಾಗುತ್ತದೆ.